ಮೂರನೇ ಅಂಶಕ್ಕೆ ಹತ್ತು

"ಕೈ ಹಿಂದಕ್ಕೆ ಕಟ್ಟಿದ ಮೇಲೆ ಕೈ ಎತ್ತೋದು ಹೇಗೆ?"

ಕೇಳಿದ್ದು ಯಾರನ್ನೂ ಅಲ್ಲ. ಆ ಕೋಣೆಯಲ್ಲಿ ಶೀಘ್ರಲಿಪಿಗಾರನ ಹೊರತು ನರಪಿಳ್ಳೆಯೂ ಇರಲಿಲ್ಲ. ಒಂದು ಕಾಲಕ್ಕೆ ಅಂಗಿಯ ಗುಂಡಿ ತಯಾರಿಸುತ್ತಿದ್ದ ಕಾರ್ಖಾನೆಯ ಮೇಲಂತಸ್ತು ಅದು. ನೆಲದ ಹಲಗೆಗಳ ಸಂದಿಯಲ್ಲಿ ಈಗಲೂ ಒಂದೊಂದು ಗುಂಡಿ ಬೆಕ್ಕಿನ ಕಣ್ಣಿನಂತೆ ಮಿನುಗುತ್ತಿತ್ತು.

ಅವನ ಮುಂದೆ, ಸ್ಪರ್ಧೆಗೆ ಬಂದ ಕಾಗದದ ಕಟ್ಟುಗಳಲ್ಲಿ ಹದಿನೇಳನೆಯದು ತೆರೆದಿತ್ತು. ನಾಲ್ಕನೇ ಪುಟದ ಮೇಲೆ ಎಡಗೈ ಬೆರಳು, ಹತ್ತೊಂಬತ್ತನೇ ಪುಟದ ಮೇಲೆ ಬಲಗೈ ಬೆರಳು.

ನಾಲ್ಕನೇ ಪುಟ ಹೇಳುತ್ತಿತ್ತು: ಯಾವ ಆಟಗಾರರಿಗೆ ತೊಂದರೆಯಾದರೂ ಕೆಂಪು ಕರವಸ್ತ್ರವನ್ನು ತಲೆಯ ಮೇಲೆತ್ತಿ ಹಿಡಿಯಬೇಕು, ಕಂಡ ಕೂಡಲೇ ಆಟ ನಿಲ್ಲುತ್ತದೆ. ಹತ್ತೊಂಬತ್ತನೇ ಪುಟ ಹೇಳುತ್ತಿತ್ತು: ಖೈದಿಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ವೇಷದ ಪೆಟ್ಟಿಗೆಯಲ್ಲಿ ಕೂರಿಸಿ, ಒಂಬತ್ತು ನಿಮಿಷ ಮುಚ್ಚಳ ಹಾಕಬೇಕು; ಕರವಸ್ತ್ರ ಹೊರಬರಲು ಮುಚ್ಚಳದಲ್ಲಿ ಅಂಗೈ ಅಗಲದ ಕಿಂಡಿ ಇರುತ್ತದೆ; ಖೈದಿ ಕೂಗಿದರೆ ಅದೂ ಆಟವೆಂದೇ ತಿಳಿಯಬೇಕು.

ಎರಡು ಪುಟವೂ ಬಿಡಿಬಿಡಿಯಾಗಿ ಸಭ್ಯವಾಗಿದ್ದವು. ಒಟ್ಟಿಗೆ ಓದಿದರೆ ಮಾತ್ರ ಕೊಲೆ.

ಈ ಬಗೆಯ ಆಟಕ್ಕೆ ಊರಿನವರು ವೇಷದಾಟ ಎನ್ನುತ್ತಿದ್ದರು. ವೇದಿಕೆಯಿಲ್ಲ, ಬಾಯಿಪಾಠದ ಮಾತಿಲ್ಲ. ಒಬ್ಬೊಬ್ಬರೂ ಒಂದು ಪಾತ್ರ ತೊಟ್ಟು ಮೂರು ಗಂಟೆ ಆ ಪಾತ್ರವಾಗಿಯೇ ಬದುಕಬೇಕು. ಅಂಥ ಆಟವನ್ನು ಹೊಸದಾಗಿ ಹೆಣೆದು ಕೊಟ್ಟವರಿಗೆ ಪ್ರತಿವರ್ಷ ಸ್ಪರ್ಧೆ. ಅಳೆಯಲು ಐದು ಅಂಶ, ಅಂಶಕ್ಕೆ ಹತ್ತು ಅಂಕ. ಪ್ರತಿ ಪಾತ್ರಕ್ಕೂ ಕೆಲಸವಿದೆಯೇ, ಹೊತ್ತಿಗೆ ಮುಗಿಯುತ್ತದೆಯೇ ಎಂದು ಶುರುವಾಗುವ ಪಟ್ಟಿ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿತ್ತು. ಮೂರನೆಯದು ಸುರಕ್ಷತೆ: ಯಾವ ಆಟಗಾರರಾದರೂ ಯಾವ ಕ್ಷಣದಲ್ಲಾದರೂ ಆಟ ನಿಲ್ಲಿಸಬಲ್ಲರೇ?

ಮೂರು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ, ಐವತ್ತಕ್ಕೆ ನಲವತ್ತೆಂಟು ಗಳಿಸಿದ ಆಟದಲ್ಲಿ, ಖೈದಿಯಾಗಿದ್ದವಳು ಹತ್ತೊಂಬತ್ತರ ಹುಡುಗಿ. ಎದೆ ಕಟ್ಟುವ ಕಾಯಿಲೆ ಇತ್ತು. ಒಂಬತ್ತು ನಿಮಿಷದ ನಂತರ ಮುಚ್ಚಳ ತೆಗೆದಾಗ ಕೆಂಪು ಕರವಸ್ತ್ರ ಅವಳ ಮುಷ್ಟಿಯಲ್ಲೇ ಇತ್ತು, ಬೆನ್ನ ಹಿಂದೆ. ಕಟ್ಟಿದ ಕೈ ಎಷ್ಟು ಎತ್ತಲು ಸಾಧ್ಯವೋ ಅಷ್ಟು ಎತ್ತಿ ಹಿಡಿದಿದ್ದಳು.

ಅಪಘಾತ ಎಂದು ಬರೆದು ಕಡತ ಮುಚ್ಚಿದರು. ಅಂಕದ ಹಾಳೆಗಳು ಕಳೆದುಹೋಗಿವೆ ಎಂದರು.

ಆ ಹುಡುಗಿ ಶೀಘ್ರಲಿಪಿಗಾರನನ್ನು ಮಾವ ಎಂದು ಕರೆಯುತ್ತಿದ್ದಳು. ಅವನ ತಂಗಿಯ ಮಗಳು.

ಇದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೇಳನೇ ಕಟ್ಟಿನ ಲಕೋಟೆಯಿಂದ ಕೆಂಪು ಬಟ್ಟೆಯ ತುಂಡೊಂದು ಉದುರಿದಾಗ ಬೆವೆತುಹೋದ ಸ್ಪರ್ಧೆಯ ಅಧ್ಯಕ್ಷರು, ಕಳಿಸಿದವರು ಯಾರೆಂದು ಗುಟ್ಟಾಗಿ ಪತ್ತೆಮಾಡಲು ಮೂರು ದಿನದ ಹಿಂದೆ ಅವನನ್ನು ಕರೆಸಿದ್ದರು. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ನಿವೃತ್ತಿಯ ಮೇಲೆ ಪತ್ತೆ ಕೆಲಸಕ್ಕಿಳಿದವನು. ಮಾತು ಕಡಿಮೆ, ಕಿವಿ ಜಾಸ್ತಿ ಎಂಬ ಹೆಸರಿತ್ತು.

ಕಳಿಸಿದವರು ಯಾರೆಂದು ಅವನಿಗೆ ಮೊದಲ ದಿನವೇ ತಿಳಿದಿತ್ತು. ಆ ಬಟ್ಟೆಯ ಅಂಚನ್ನು ಕೂದಲೆಳೆಯಷ್ಟು ಮಡಿಚಿ ಹೊಲಿಯುವ ಕೈ ಊರಿಗೆಲ್ಲ ಒಂದೇ, ಅವನ ತಂಗಿಯದು. ಮಗಳು ಹೋದ ಮೇಲೂ ಆ ಕೈ ಮೂರು ವರ್ಷದಿಂದ ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ, ತುಟಿ ಪಿಟಕ್ಕೆನ್ನದೆ, ಇದೇ ಜನರ ಆಟಗಳಿಗೆ ವೇಷ ಹೊಲಿಯುತ್ತಿತ್ತು. ಬೂದಿ ಮುಚ್ಚಿದ ಕೆಂಡ. ಅಣ್ಣ ಅದನ್ನು ಕೆದಕಲೂ ಇಲ್ಲ, ಆರಿಸಲೂ ಇಲ್ಲ.

ಅವನಿಗೆ ಬೇಕಿದ್ದದ್ದು ಬೇರೆ ಹೆಸರು. ಹದಿನೇಳನೇ ಕಟ್ಟು ಆ ಹಳೆಯ ಆಟದ್ದೇ ಅಕ್ಷರಶಃ ನಕಲು. ಬದಲಾಗಿದ್ದು ಕೊನೆಯ ಪುಟದ ಒಂದು ಸಾಲು ಮಾತ್ರ: "ಖೈದಿಯ ಪಾತ್ರ, ಮೂರು ವರ್ಷದ ಹಿಂದೆ ಈ ಆಟದ ಮೂರನೇ ಅಂಶಕ್ಕೆ ಹತ್ತು ಬರೆದವರಿಗೆ. ಮಿಕ್ಕವರು ಕಾವಲುಗಾರರು."

ಮೊದಲ ಸ್ಥಾನದ ಆಟವನ್ನು ಬಹುಮಾನಕ್ಕೆ ಮುಂಚೆ ತೀರ್ಪುಗಾರರೇ ಆಡಿ ತೋರಿಸಬೇಕು. ಹುಡುಗಿ ಸತ್ತ ಮೇಲೆ ಊರಿನ ಬಾಯಿ ಮುಚ್ಚಿಸಲು ಅಧ್ಯಕ್ಷರೇ ತಂದ ನಿಯಮ ಅದು. ಇವತ್ತು ಸಂಜೆ ಐದಕ್ಕೆ ಆಟ. ಈಗ ನಾಲ್ಕು.

ಹತ್ತು ಬರೆದವರು ಯಾರು?

*

ಕಾರ್ಖಾನೆಯ ದೊಡ್ಡ ಗಡಿಯಾರದ ಮುಂದೆ ಏಣಿ ಹಾಕಿಕೊಂಡು ಗಡಿಯಾರ ರಿಪೇರಿಯವನು ಕೀಲಿ ತಿರುಗಿಸುತ್ತಿದ್ದ. ಅಧ್ಯಕ್ಷರೂ ಸೇರಿ ಮೂವರು ತೀರ್ಪುಗಾರರಲ್ಲಿ ಇವನೊಬ್ಬ.

"ಕಟ್ಟೆಲ್ಲಾ ಓದಿದ್ರಾ?" ಎಂದು ಶೀಘ್ರಲಿಪಿಗಾರ ಕೆಳಗಿನಿಂದ ಕೇಳಿದ.

"ನಾನಾ? ಎರಡನೇ ಅಂಶ ಮಾತ್ರ ನನ್ನದು ಮಹರಾಯ್ರೇ. ಹೊತ್ತಿಗೆ ಮುಗಿಯುತ್ತೋ ಇಲ್ವೋ, ಅಷ್ಟೇ."

"ಮುಗಿದ ಕಟ್ಟುಗಳಲ್ಲಿ ನಿಮ್ಮ ಸಹಿ ಇರೋ ಹಾಳೇಲಿ ಐದಕ್ಕೂ ಅಂಕ ಇದೆಯಲ್ಲ."

"ಹಾಳೆ ಮೂರೂ ಸುತ್ತು ಹೊಡೆಯುತ್ತೆ. ಅವರವರ ಸಾಲನ್ನ ಅವರವರು ಮೂರರಲ್ಲೂ ತುಂಬ್ತಾರೆ. ಕೊನೆಗೆ ಒಬ್ಬೊಬ್ಬರು ಒಂದೊಂದಕ್ಕೆ ಸಹಿ. ಇಪ್ಪತ್ಮೂರು ಕಟ್ಟು ರೀ. ಎಲ್ಲರೂ ಎಲ್ಲಾ ಓದ್ತಾ ಕೂತರೆ ಊರಿನ ಗಡಿಯಾರವೆಲ್ಲ ನನ್ನ ಅಂಗಡೀಲೇ ನಿದ್ದೆ ಮಾಡ್ಬೇಕು."

"ಮೂರನೇ ಸಾಲು?"

"ಹಲ್ಲಿನ ಡಾಕ್ಟರದ್ದು. ಸುರಕ್ಷತೆ ಅಂದ್ರೆ ಡಾಕ್ಟರೇ ಸರಿ ಅಂತ ಅಧ್ಯಕ್ಷರು ಹಂಚಿದ್ದು. ಹಲ್ಲಿನವರಾದ್ರೇನು, ಬಿಳಿ ಕೋಟು ಬಿಳಿ ಕೋಟೇ."

"ಆ ವರ್ಷವೂ ಅವರೇನಾ?"

ಕೀಲಿ ತಿರುಗುವುದು ನಿಂತಿತು. ಯಾವ ವರ್ಷ ಎಂದು ಅವನು ಕೇಳಲಿಲ್ಲ. ಈ ಕಟ್ಟಡದಲ್ಲಿ 'ಆ ವರ್ಷ' ಒಂದೇ ಇತ್ತು.

"ಅವರು ಊರಲ್ಲಿರಲಿಲ್ಲ," ಎಂದ, ದನಿ ತಗ್ಗಿಸಿ. "ಬಂದ ಮೇಲೆ ಸಹಿ ಹಾಕಿದ್ರು. ಆ ಸಾಲನ್ನ ನಾನು ನೋಡ್ಕೋತೀನಿ ಅಂತ ಅಧ್ಯಕ್ಷರು ಹಾಳೆ ಒಳಗೆ ತಗೊಂಡು ಹೋದ್ರು. ವಾಪಸ್ ಬರೋವಾಗ ತುಂಬಿತ್ತು."

"ಆ ಹಾಳೆಗಳು ಈಗ ಎಲ್ಲಿವೆ?"

"ಸುಟ್ಟು ಹಾಕು ಅಂತ ನನ್ನ ಕೈಗೇ ಕೊಟ್ಟಿದ್ರು." ಗಡಿಯಾರದವನು ಒಂದು ಗಳಿಗೆ ಲೋಲಕವನ್ನೇ ನೋಡಿದ. "ನಾನು ಕೆಟ್ಟ ಗಡಿಯಾರವನ್ನೇ ಎಸೆಯೋನಲ್ಲ. ಮೂರು ವರ್ಷದಿಂದ ಒಬ್ಬರಾದ್ರೂ ಕೇಳ್ತಾರೇನೋ ಅಂತ ಕಾಯ್ತಿದ್ದೆ. ಕೇಳದೆ ನಾನಾಗಿ ಹೇಳೋ ಧೈರ್ಯ ಬರ್ಲಿಲ್ಲ, ಅಷ್ಟು ಹೇಳ್ತೀನಿ."

ಲೋಲಕದ ಹಿಂದಕ್ಕೆ ಕೈಹಾಕಿ ಸುರುಳಿ ಸುತ್ತಿದ ಮೂರು ಹಾಳೆ ತೆಗೆದು ಕೆಳಗೆ ಚಾಚಿದ. ಎಣ್ಣೆಯ ವಾಸನೆ ಬಂತು.

ಮೂರು ಹಾಳೆ, ಬುಡದಲ್ಲಿ ಮೂರು ಬೇರೆ ಸಹಿ. ಮೂರನೇ ಸಾಲಿನಲ್ಲಿ ಮಾತ್ರ ಮೂರರಲ್ಲೂ ಒಂದೇ ಕೈ ಬರೆದ ಹತ್ತು. ಒಂದೊಂದು ಹತ್ತರ ಕೆಳಗೂ ಒಂದು ಗಿಡ್ಡ ಗೆರೆ.

ಅಂಕದ ಕೆಳಗೆ ಗೆರೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಅಭ್ಯಾಸ. ಅಧ್ಯಕ್ಷರು ನಲವತ್ತು ವರ್ಷ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು.

ಶೀಘ್ರಲಿಪಿಗಾರನಿಗೆ ಅಷ್ಟು ಸಾಕಾಯಿತು. ಆ ಗೆರೆಯನ್ನು ಬೇರೆಲ್ಲೋ ಕಂಡಿದ್ದೇನಲ್ಲ ಎಂದು ಒಳಗೆ ಏನೋ ಚುಚ್ಚಿತು. ಮೂರು ವರ್ಷದ ಉರಿ ಆ ಚುಚ್ಚನ್ನು ನುಂಗಿಕೊಂಡಿತು.

*

ಹಿಂದೆ ಗುಂಡಿಗಳನ್ನು ತೂಗುತ್ತಿದ್ದ ಕೋಣೆಯೇ ಈಗ ಅಧ್ಯಕ್ಷರ ಕೋಣೆ. ಹಿತ್ತಾಳೆಯ ತಕ್ಕಡಿ ಇನ್ನೂ ಮೇಜಿನ ಮೇಲಿತ್ತು. ಅದರ ಒಂದು ತಟ್ಟೆಯಲ್ಲಿ ಪಿನ್ನು, ಇನ್ನೊಂದರಲ್ಲಿ ಅವರ ಕನ್ನಡಕ.

"ಸಿಕ್ಕಿದ್ರಾ, ಕಳಿಸಿದವರು?"

"ಐದಕ್ಕೆ ಅವರೇ ಎದುರಿಗೆ ಬರ್ತಾರೆ. ಬರದೇ ಇದ್ರೆ ಹೆಸರು ನಾನು ಹೇಳ್ತೀನಿ."

"ಕಟ್ಟು ಹೇಗಿದೆ? ಓದಿದ್ರಂತಲ್ಲ."

"ನೀವು ಓದಲಿಲ್ವೇ?"

"ನನ್ನ ಪಾಲಿನ ಅಂಶಕ್ಕೆ ಬೇಕಾದಷ್ಟು ನೋಡಿದೆ. ಪಾತ್ರಗಳು ಅಚ್ಚುಕಟ್ಟು. ಹೊಸತನ ಇದೆ."

ಹೊಸತನ. ಶೀಘ್ರಲಿಪಿಗಾರ ಆ ಮಾತನ್ನು ಮನಸ್ಸಿನಲ್ಲೇ ಬರೆದುಕೊಂಡ.

"ಮೂರು ವರ್ಷದ ಹಿಂದೆ ಮೂರನೇ ಅಂಶ ಯಾರು ತುಂಬಿದ್ದು?"

ಅವರ ಪೆನ್ಸಿಲ್ ಮೇಜಿನ ಮೇಲೆ ಉರುಳಿ ನಿಂತಿತು. "ಅದು ಈಗ ಯಾಕೆ?"

"ಕೆಂಪು ಬಟ್ಟೆ ಕಳಿಸಿದವರು ಅದನ್ನೇ ಕೇಳ್ತಿದ್ದಾರೆ."

"ಅಧ್ಯಕ್ಷ ನಾನು. ಏನೇ ಆದರೂ… ಹೊಣೆ ನನ್ನದೇ."

ಬಾಲ್ಯದಲ್ಲಿ ಅಮ್ಮ ಪದ್ಯ ಹೇಳುತ್ತಿದ್ದಾಗ ಅಣ್ಣತಂಗಿಯರಿಬ್ಬರೂ ಅವಳ ಮೊಣಕಾಲಿಗೆ ಒರಗಿ ಕೇಳುತ್ತಿದ್ದರು. ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತರೆ ಪದ್ಯ, ಬೇರೆಡೆ ನಿಂತರೆ ಅಲ್ಲೊಂದು ಮರೆತ ಪದವಿದೆ ಎಂದು ಅವಳು ಹೇಳುತ್ತಿದ್ದಳು. ಅಧ್ಯಕ್ಷರ ಉಸಿರು ನಿಲ್ಲಬಾರದ ಕಡೆ ನಿಂತಿತ್ತು. ಅಲ್ಲೊಂದು ಹೆಸರು ಅಡಗಿತ್ತು. ಜೀವಮಾನವಿಡೀ ಅಂಥ ಸಂದಿಗಳನ್ನು ಕೇಳಿಯೇ ಅನ್ನ ತಿಂದವನು ಇವತ್ತು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ಅವನಿಗೆ ತಪ್ಪೊಪ್ಪಿಗೆ ಬೇಕಿತ್ತು, ಅದನ್ನೇ ಕೇಳಿಸಿಕೊಂಡ.

"ಆ ಹುಡುಗಿ ಬಗ್ಗೆ ಯಾವತ್ತಾದರೂ ಯೋಚನೆ ಬರುತ್ತಾ?"

"ಬರದೆ ಏನು? ಆದರೆ ನೀವೇ ಹೇಳಿ, ಎದೆ ಕಾಯಿಲೆ ಇದ್ದೋಳು ಮೊದಲೇ ಹೇಳಬೇಕಿತ್ತು ತಾನೇ? ತಪ್ಪನ್ನೆಲ್ಲಾ ನಮ್ಮ ತಲೆಗೆ ಕಟ್ಟಿದರೆ ಹೇಗೆ? ನಿಯಮದಲ್ಲಿ ಸಂಕೇತ ಇತ್ತು. ಅವಳು ತೋರಿಸಲಿಲ್ಲ."

ಶೀಘ್ರಲಿಪಿಗಾರನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆ ಐದು ಅಕ್ಷರ ಬರೆದುಕೊಂಡವು. ತೋರಿಸಲಿಲ್ಲ.

ಅಧ್ಯಕ್ಷರು ಹೊಸ ಹಾಳೆಗಳನ್ನು ಮುಂದಕ್ಕೆ ತಳ್ಳಿದರು. ದನಿ ಸಲುಗೆಗೆ ಇಳಿಯಿತು.

"ಒಂದು ಉಪಕಾರ ಮಾಡಿ. ಡಾಕ್ಟರು ಆಟದ ಹೊತ್ತಿಗೆ ಬರ್ತಾರಂತೆ, ಈಗ ಯಾರದೋ ದವಡೆ ಊದಿದೆಯಂತೆ. ಹದಿನೇಳಕ್ಕೆ ಮೂರನೇ ಸಾಲೊಂದು ಖಾಲಿ ಇದೆ. ಇಡೀ ಕಟ್ಟನ್ನ ಓದಿದವರು ನೀವೊಬ್ಬರೇ. ತುಂಬಿಬಿಡಿ."

"ನಾನು ತೀರ್ಪುಗಾರನಲ್ಲ."

"ಯಾರು ನೋಡ್ತಾರೆ? ಮಿಕ್ಕ ನಾಲ್ಕಕ್ಕೂ ಹತ್ತು ಬಿದ್ದಿದೆ. ನಲವತ್ತು. ಇದಕ್ಕೂ ಹತ್ತು ಬಿದ್ದರೆ ಇದೇ ಮೊದಲು. ಕಳಿಸಿದವರು ಮುಂದೆ ಬರ್ತಾರೆ ಅಂದ್ರಲ್ಲ, ಬರಲಿ. ಬಹುಮಾನ ಕೊಟ್ಟು ಬಾಯಿ ಮುಚ್ಚಿಸೋಣ. ಅಪಾಯದ್ದೇನೂ ಇಲ್ಲ ತಾನೇ ಅದರಲ್ಲಿ?"

ಇಲ್ಲಿ ಅವನು ಹೇಳಬಹುದಿತ್ತು. ನಾಲ್ಕನೇ ಪುಟ, ಹತ್ತೊಂಬತ್ತನೇ ಪುಟ: ಎರಡು ಮಾತು ಸಾಕಿತ್ತು. ಸೊನ್ನೆ ಬರೆದಿದ್ದರೆ ಆಟವೇ ಇರುತ್ತಿರಲಿಲ್ಲ.

ಆದರೆ ಕಣ್ಣ ಮುಂದೆ ನಿಂತಿದ್ದುದು ಆ ಹುಡುಗಿಯ ಮುಷ್ಟಿ. ಇವರೂ ಒಂಬತ್ತು ನಿಮಿಷ ಕೂರಲಿ. ಕೂಗಲಿ, ಅದೂ ಆಟವೇ. ಕಿಂಡಿಯನ್ನು ನೋಡುತ್ತಾ ಕೂರಲಿ. ಕೊನೆಗೆ ಮುಚ್ಚಳ ತೆಗೆಯುವವನು ನಾನು. ಸಾಯಲು ಬಿಡುವುದಿಲ್ಲ, ಆದರೆ ಎಂಟು ನಿಮಿಷ ಐವತ್ತೊಂಬತ್ತು ಸೆಕೆಂಡಿನವರೆಗೆ ತೆಗೆಯುವುದೂ ಇಲ್ಲ.

ಪೆನ್ನು ತೆಗೆದುಕೊಂಡ.

"ನೀವೇ ನಾಲ್ಕು ಹತ್ತು ಕೊಟ್ಟ ಮೇಲೆ ನನ್ನದೇನು," ಎಂದು ಮೂರು ಹಾಳೆಯಲ್ಲೂ ಹತ್ತು ಬರೆದ. ಪೆನ್ನಿನ ಶಾಯಿ ಸೋರಿ ತೋರುಬೆರಳು ನೀಲಿಯಾಯಿತು.

ಅಧ್ಯಕ್ಷರು ಹಗುರವಾಗಿ ನಕ್ಕರು. ಹೊರೆ ಇಳಿದವರ ಬಾಯಿ ಸಡಿಲವಾಗುವುದು ಹೀಗೆಯೇ.

"ಇದೆಲ್ಲಾ ಹೊಸದಲ್ಲ ಬಿಡಿ. ಆ ವರ್ಷವೂ ಡಾಕ್ಟರು ಕೈಕೊಟ್ಟಾಗ ಇದೇ ಬಾಗಿಲಲ್ಲಿ ದರ್ಜಿಯಮ್ಮ ಅಳತೆ ಟೇಪು ಹಿಡ್ಕೊಂಡು ನಿಂತಿದ್ರು. ನನಗೆ ಮಿಕ್ಕ ಲೆಕ್ಕ ಇತ್ತು. ಈ ಸಾಲೊಂದು ತುಂಬಿಕೊಡಮ್ಮಾ ಅಂತ ಪೆನ್ನು ಕೊಟ್ಟೆ. ಪಾಪ, ಅವರ ಮಗಳೇ ಆಮೇಲೆ ಖೈದಿ ಪಾತ್ರ ಎತ್ತಿಕೊಂಡಿದ್ದು. ಆಕೆಗೆ ನೆನಪೇ ಇಲ್ಲ ಅಂತ ಕಾಣುತ್ತೆ. ಇವತ್ತಿಗೂ ಬಂದು ಹೊಲೀತಾರೆ, ಒಂದು ಮಾತಿಲ್ಲ."

ಶೀಘ್ರಲಿಪಿಗಾರ ಜೇಬಿನ ಹಳೆಯ ಹಾಳೆಗಳನ್ನು ಬಿಡಿಸಿದ.

ಹತ್ತು. ಕೆಳಗೆ ಗಿಡ್ಡ ಗೆರೆ.

ಮೇಷ್ಟ್ರ ಗೆರೆಯಲ್ಲ. ತಂಗಿಯ ಅಳತೆ ಪುಸ್ತಕದ ಗೆರೆ. ಭುಜ, ತೋಳು, ಸೊಂಟ. ಇಂಚು ಬರೆದಾಗಲೆಲ್ಲ, ಮುಂದಿನ ಅಂಕೆ ಇದಕ್ಕೆ ತಗುಲದಿರಲಿ ಎಂದು ಅವಳು ಎಳೆಯುತ್ತಿದ್ದ ಗೆರೆ. ಹತ್ತು ವರ್ಷದವಳಿದ್ದಾಗ ಅದನ್ನು ಕಲಿಸಿದ್ದು ಅಮ್ಮ. ಪಕ್ಕದಲ್ಲಿ ಕೂತು ನೋಡಿದ್ದು ಇವನೇ.

ತಕ್ಕಡಿಯ ತಟ್ಟೆಗೆ ಅವನ ಮೊಣಕೈ ತಾಗಿ ಪಿನ್ನುಗಳು ನೆಲದ ಮೇಲೆಲ್ಲ ಚೆಲ್ಲಿದವು. ಹೆಕ್ಕಲು ಅವನು ನಿಲ್ಲಲಿಲ್ಲ. ಮೆಟ್ಟಿಲಿಳಿಯುವಾಗ ಫಲಿತಾಂಶ ಕೂಗುವ ದನಿ ಬೆನ್ನಟ್ಟಿ ಬಂತು.

*

ವೇಷದ ಕೋಣೆಯಲ್ಲಿ ಹೊಲಿಗೆ ಯಂತ್ರ ಸದ್ದಿಲ್ಲದೆ ನಿಂತಿತ್ತು. ತಂಗಿ ಕಿಟಕಿಯ ಬಳಿ ಕುಳಿತು ಖೈದಿಯ ಅಂಗಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದಳು. ಬೂದು ಬಣ್ಣದ ದಪ್ಪ ಅಂಗಿ. ತೋಳುಗಳೆರಡನ್ನೂ ಬೆನ್ನ ಹಿಂದಕ್ಕೆ ತಿರುಗಿಸಿ ಒಂದಕ್ಕೊಂದು ಸೇರಿಸಿ ಹೊಲಿದಿದ್ದಳು. ಹಗ್ಗವೇ ಬೇಕಿಲ್ಲ.

ಪೆಟ್ಟಿಗೆ ಗೋಡೆಗೆ ಒರಗಿತ್ತು. ಮುಚ್ಚಳದಲ್ಲಿ ಅಂಗೈ ಅಗಲದ ಕಿಂಡಿ.

ಅವನು ಹಳೆಯ ಹಾಳೆಯನ್ನು ಅವಳ ಮಡಿಲಲ್ಲಿಟ್ಟ. ಅವಳು ನೋಡಿದಳು, ದಾರವನ್ನು ಹಲ್ಲಿನಿಂದ ಕಡಿದಳು.

"ಸಿಕ್ತಾ. ನಾನು ಇದು ಬೂದಿಯಾಯ್ತು ಅಂದ್ಕೊಂಡಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ ಅಣ್ಣ? ಹತ್ತು ಬರೆದವರನ್ನ ಸುಮ್ಮನೆ ಬಿಡಲ್ಲ ಅಂತ ಮಣ್ಣು ಮಾಡಿದ ದಿನ ಅವಳ ಹೆಸರಲ್ಲಿ ಆಣೆ ಹಾಕಿದೆ ನೀನು. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ."

ಅವನು ಮಡಿಲಿನ ಹಾಳೆಯನ್ನು ಎತ್ತಿಕೊಂಡು ಮಡಿಚತೊಡಗಿದ.

"ಅವರು ಪೆನ್ನು ಕೊಟ್ರು. ನಿಲ್ಲಿಸೋ ಸಂಕೇತ ಇದೆಯಾ ಅಂತ ಕೇಳಿದೆ. ಇದೆ ಅಂದ್ರು. ಇದೆ ಅಂತ ನನಗೂ ಗೊತ್ತಿತ್ತು, ಕರವಸ್ತ್ರ ಹೊಲಿದೋಳು ನಾನೇ ಅಲ್ವಾ. ಹತ್ತು ಹಾಕಿದೆ. ಓದ್ಬೇಕು ಅಂತ ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ."

"ಈ ಅಂಗಿ ಅಧ್ಯಕ್ಷರಿಗೆ ಅಂತ…" ಎನ್ನುತ್ತ ಅವನು ಅಂಗಿಯ ಭುಜದ ಮೇಲೆ ಗೇಣು ಹಾಕಿದ. ದರ್ಜಿಯ ಮಗ, ಟೇಪು ಬೇಕಿರಲಿಲ್ಲ. ಒಂದು ಗೇಣು, ಮತ್ತೆ ನಾಲ್ಕು ಬೆರಳು. ಮುಂದಕ್ಕೆ ಬಟ್ಟೆಯೇ ಇರಲಿಲ್ಲ. ಅಧ್ಯಕ್ಷರ ಒಂದು ಭುಜವೂ ಇದರಲ್ಲಿ ತೂರುವಂತಿರಲಿಲ್ಲ.

ಅದು ಅವಳದೇ ಅಳತೆ.

ಯಂತ್ರದ ಪಕ್ಕದ ಕಸದ ಬುಟ್ಟಿಯಲ್ಲಿ, ಬಟ್ಟೆಯ ಚೂರುಗಳ ಮೇಲೆ, ಅವಳು ಎದೆ ಕಟ್ಟಿದಾಗ ಎಳೆದುಕೊಳ್ಳುವ ಔಷಧಿಯ ಡಬ್ಬಿ ಬಿದ್ದಿತ್ತು. ಆ ಕಾಯಿಲೆ ಮಗಳಿಗೆ ಬಂದದ್ದು ತಾಯಿಯಿಂದಲೇ.

"ಬೇಡ ಕಣೇ."

"ನಲವತ್ತು ಜನ ಅತಿಥಿಗಳು ಬರ್ತಾರೆ. ಕಾವಲಿಗೆ ಅವರು ಮೂವರು. ಮೂವರದ್ದೂ ಸಹಿ. ಅದೇ ನಾಲ್ಕನೇ ಪುಟ, ಅದೇ ಹತ್ತೊಂಬತ್ತನೇ ಪುಟ. ಒಂದು ಸಲ ಆದ್ರೆ ಅಪಘಾತ ಅಂತ ಬರೀತಾರೆ. ಎರಡನೇ ಸಲ ಏನಂತ ಬರೀತಾರೋ ನೋಡೋಣ."

"ನೀನು ಸತ್ತು ಅವರನ್ನ ಜೈಲಿಗೆ ಕಳಿಸ್ತೀಯಾ?"

"ಹತ್ತು ಬರೆದವರನ್ನೂ ಬಿಡಲ್ಲ, ಬರೆಸಿದವರನ್ನೂ ಬಿಡಲ್ಲ. ನಿನ್ನ ಆಣೆನೂ ಉಳಿಯುತ್ತೆ." ಅದು ಅಳತೆ ಹೇಳುವಾಗಿನ ದನಿ. "ಅವರಿಗೆ ದಾರಿ ಬಿಟ್ಟಿದ್ದೆ ಅಣ್ಣ. ಯಾರಾದ್ರೂ ಒಬ್ಬರು ಪೂರ್ತಿ ಓದಿ ಸೊನ್ನೆ ಹಾಕಿದ್ರೆ ಸಾಕಿತ್ತು. ಅಂಗಿ ಬಿಚ್ಚಿ ಮಡಿಚಿಟ್ಟು ಮನೆಗೆ ಹೋಗ್ತಿದ್ದೆ. ಕಲಿತರು ಅಂತ ಅಂದ್ಕೋತಿದ್ದೆ. ಇವತ್ತೂ ಯಾರೋ ಓದದೇನೇ ಹತ್ತು ಹಾಕಿದ್ದಾರಂತೆ. ಈಗ ತಾನೇ ಹೊರಗೆ ಕೂಗಿ ಹೇಳಿದ್ರು, ಐವತ್ತಕ್ಕೆ ಐವತ್ತು."

ಅವನು ಬಲಗೈಯನ್ನು ಹಿಂದಕ್ಕೆ ಸರಿಸಿದ. ಬಟ್ಟೆಯ ಮೇಲೆ ಕೂದಲೆಳೆ ಬಿದ್ದರೂ ಕಾಣುವ ಕಣ್ಣು ಅವಳದು. ನೀಲಿ ಬೆರಳನ್ನು ಅದು ಬಿಡಲಿಲ್ಲ.

"ನೀನಾ?"

ಅವನು ಹೌದೆಂದು ತಲೆಯಾಡಿಸಿದ.

"ನೀನು ಓದಿದ್ದೆ ತಾನೇ?"

"ಓದಿದ್ದೆ."

ಅವಳು ಸೂಜಿಯನ್ನು ಅಂಗಿಯ ಅಂಚಿಗೆ ಚುಚ್ಚಿಟ್ಟಳು. ಹೊರಗೆ ಮೆಟ್ಟಿಲ ಮೇಲೆ ಅತಿಥಿಗಳ ಕಾಲ ಸಪ್ಪಳ ಶುರುವಾಗಿತ್ತು. ದೊಡ್ಡ ಗಡಿಯಾರ ಮುಕ್ಕಾಲರ ಒಂಟಿ ಗಂಟೆ ಹೊಡೆಯಿತು. ಐದಕ್ಕೆ ಇನ್ನು ಕಾಲು ಗಂಟೆ.

"ನಾನು ಮೇಲೆ ಹೋಗಿ ಎಲ್ಲಾ ಹೇಳಿಬಿಡ್ತೀನಿ," ಎಂದ.

"ಹೇಳು. ಹೇಳಿದರೆ ಆಟ ನಿಲ್ಲುತ್ತೆ, ಅವರು ಉಳೀತಾರೆ. ಕೆಳಗಿನ ಕೋಣೆ ದರ್ಜಿ ಹುಚ್ಚಿ ಅಂತಾರೆ. ಗೊತ್ತಿದ್ದೂ ಹತ್ತು ಹಾಕಿದ ಪತ್ತೇದಾರ ಅವಳ ಅಣ್ಣ ಅಂತಾರೆ. ಮಗು ಹೆಸರು ಯಾರೂ ಎತ್ತಲ್ಲ."

ಅವನು ಅವಳ ಮುಂದೆ ನೆಲದ ಮೇಲೆಯೇ ಕುಳಿತ. ಅಮ್ಮನ ಮೊಣಕಾಲಿಗೆ ಒರಗುತ್ತಿದ್ದಂತೆ, ಅಷ್ಟೇ ಹತ್ತಿರಕ್ಕೆ.

"ಇವತ್ತಿನ ಹತ್ತು ನನ್ನದು. ನೀನು ತಿಳಿಯದೆ ಬರೆದೆ, ನಾನು ತಿಳಿದು ಬರೆದೆ. ಪೆಟ್ಟಿಗೆಗೆ ನನ್ನ ಹಕ್ಕೇ ಹೆಚ್ಚು. ನನ್ನ ಎದೆ ಗಟ್ಟಿ ಇದೆ, ಒಂಬತ್ತು ನಿಮಿಷ ತಡೀತೀನಿ, ಹೊರಗೆ ಬಂದು ನಲವತ್ತು ಜನರ ಮುಂದೆ ಎರಡೂ ಪುಟ ಓದ್ತೀನಿ. ತೋಳಿನ ಹೊಲಿಗೆ ಹಾಗೇ ಇರಲಿ, ಬೆನ್ನು ಸೀಳಿಯಾದರೂ ತೊಟ್ಕೋತೀನಿ. ಆ ಅಂಗಿ ನನಗೆ ಕೊಡು."

ಅವಳು ಅಂಗಿಯನ್ನು ಎದೆಗೆ ಒತ್ತಿ ಹಿಡಿದು ಎದ್ದು ನಿಂತಳು.

"ಕೊಡಲ್ಲ ಅಣ್ಣ."